ಹನ್ನೊಂದನೇ ಲೈನಿನ ದುಂಡು ಅರ್ಜಿಯ ವಿಚಾರ

ಓದುವವರ ಗಮನಕ್ಕೆ ಮೊದಲೇ ತರಬೇಕಾದ ಸಂಗತಿಯೇನೆಂದರೆ, ನಾನು ಈವರೆಗೆ ಕಚೇರಿ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲ. ಆದಕಾರಣ ಕೆಳಗಿನ ಘಟನೆಯನ್ನು ನನಗೆ ತಿಳಿದಿರುವ ಒಂದೇ ಕ್ರಮದಲ್ಲಿ, ನಡೆದದ್ದನ್ನು ನಡೆದಂತೆ ನಿರೂಪಿಸುತ್ತೇನೆ. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕು. ಕಂಪನಿಯ ಬಗ್ಗೆ ಬಳಸಿದ ಮಾತು ಕೆಲವೆಡೆ ಗಡುಸಾಗಿರಬಹುದು. ಅದಕ್ಕೆ ಮಾತ್ರ ಕ್ಷಮೆ ಕೋರುವುದಿಲ್ಲ.

ರಾಮನಗರದಿಂದ ಕನಕಪುರದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಕಾರುಗಳ ಒಳಗೆ ಹಾಯಿಸುವ ವೈರುಗಳ ಕಟ್ಟು ತಯಾರಿಸುವ ದೊಡ್ಡ ಕಾರ್ಖಾನೆಯೊಂದರಲ್ಲಿ ನಾನು ಸಿಬ್ಬಂದಿ ವಿಭಾಗದ ಸಹಾಯಕನಾಗಿದ್ದೆ. ಮಾಗಡಿ ತಾಲ್ಲೂಕಿನವನಾದ ನನಗೆ ಕನ್ನಡದಲ್ಲಿ ಅಚ್ಚುಕಟ್ಟಾಗಿ ಪತ್ರ ಬರೆಯಲು ಬರುತ್ತದೆಂದು ತಿಳಿದ ದಿನದಿಂದ, ಸೂಚನಾ ಫಲಕದ ಪ್ರಕಟಣೆ, ಎಚ್ಚರಿಕೆ ಪತ್ರ, ವರ್ಗಾವಣೆ ಆದೇಶ, ದೂರುಗಳಿಗೆ ಉತ್ತರ, ಎಲ್ಲವೂ ನನ್ನ ಮೇಜಿನಿಂದಲೇ ಹೊರಡತೊಡಗಿದವು.

ದೂರು ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿ ನನ್ನ ಬಳಿ, ಇನ್ನೊಂದರದು ಭದ್ರತಾ ಅಧಿಕಾರಿಯ ಬಳಿ. ಪ್ರತಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರೂ ಕೂಡಿ ತೆರೆಯತಕ್ಕದ್ದು, ಬಂದ ದೂರನ್ನು ಅಂದೇ ಕಂಪ್ಯೂಟರಿನಲ್ಲಿ ದಾಖಲಿಸಿ ಸಂಖ್ಯೆ ಪಡೆಯತಕ್ಕದ್ದು, ಹದಿನೈದು ಕೆಲಸದ ದಿನಗಳೊಳಗೆ ಉತ್ತರಿಸತಕ್ಕದ್ದು ಎಂಬುದು ನಿಯಮ. ಈ ನಿಯಮವನ್ನು ಕನ್ನಡಕ್ಕೆ ಇಳಿಸಿದವನೂ ನಾನೇ.

ಆ ಸೋಮವಾರ ಪೆಟ್ಟಿಗೆಯಲ್ಲಿದ್ದುದು ನಾಲ್ಕಾಗಿ ಮಡಿಸಿದ ಒಂದೇ ಒಂದು ಡ್ರಾಯಿಂಗ್ ಹಾಳೆ. ಬಿಡಿಸಿ ನೋಡಲಾಗಿ, ಹಾಳೆಯ ತುಂಬ ಒಂದು ದೊಡ್ಡ ವೃತ್ತ. ವೃತ್ತದ ಸುತ್ತ, ಗಾಡಿಯ ಚಕ್ರಕ್ಕೆ ಕಡ್ಡಿ ಜೋಡಿಸಿದಂತೆ, ಮೂವತ್ತಾರು ಸಹಿ. ಒಳಗೆ ನಾಲ್ಕು ಸಾಲು, ಒಂದೊಂದು ಸಾಲು ಒಂದೊಂದು ಕೈಬರಹದಲ್ಲಿ:

"ನಾವು ಹನ್ನೊಂದನೇ ಲೈನಿನಲ್ಲಿ ಮೂವತ್ತಾರು ಜನ ಹೆಂಗಸರು ಕೆಲಸ ಮಾಡುತ್ತೇವೆ. ಶೌಚಾಲಯಕ್ಕೆ ಹೋಗಲು ನಮಗೆ ಬಿಲ್ಲೆ ಒಂದೇ ಇದೆ. ನಾಲ್ಕು ಜನ ಮೂತ್ರದ ಸೋಂಕಿನಿಂದ ಆಸ್ಪತ್ರೆ ಸೇರಿ ಬಂದಿದ್ದೇವೆ. ಬಿಲ್ಲೆ ತೆಗೆಸಬೇಕಾಗಿ ಕೋರುತ್ತೇವೆ."

ಸದರಿ ಬಿಲ್ಲೆಯ ಬಗ್ಗೆ ಇಲ್ಲಿ ವಿವರಿಸುವುದು ಅವಶ್ಯ. ಅದು ಅಂಗೈಯಗಲದ, ಕೆಂಪು ಅರಗು ಬಳಿದ ಮರದ ಬಿಲ್ಲೆ. ದಾರ ಕಟ್ಟಿ ಪ್ರತಿ ಲೈನಿನ ತುದಿಯಲ್ಲಿ ಕೊಕ್ಕೆಗೆ ತೂಗುಹಾಕಿರುತ್ತಿತ್ತು. ಅದನ್ನು ಕೊರಳಿಗೆ ಹಾಕಿಕೊಂಡವರು ಮಾತ್ರ ಶೌಚಾಲಯಕ್ಕೆ ಹೋಗಬಹುದು. ಅವರು ಮರಳಿ ತಂದು ತೂಗುಹಾಕುವವರೆಗೆ ಉಳಿದ ಮೂವತ್ತೈದು ಜನ ಕಾಯಬೇಕು. ಕೆಲಸ ನಿಲ್ಲಬಾರದೆಂಬ ಉದ್ದೇಶಕ್ಕೆ ಇಂಥ ಬಿಲ್ಲೆ ತೂಗುಹಾಕಿದ ಕಂಪನಿ, ತನ್ನ ವಾರ್ತಾಪತ್ರದಲ್ಲಿ ಅದರ ಬಣ್ಣದ ಚಿತ್ರ ಹಾಕಿ "ಚನ್ನಪಟ್ಟಣದ ಕರಕುಶಲ ಕಲೆಗೆ ನಮ್ಮ ಅಳಿಲು ಸೇವೆ" ಎಂದು ಬರೆದುಕೊಂಡಿತ್ತು. ಆ ಅಡಿಬರಹ ನನ್ನದು. ಬಿಲ್ಲೆ ಮಾಡಿಸಿ ತಂದವನೂ ನಾನೇ. ಹನ್ನೊಂದನೇ ಲೈನಿನಲ್ಲಿ ಚನ್ನಪಟ್ಟಣದ ಒಬ್ಬ ಹೆಣ್ಣುಮಗಳಿದ್ದಳು. ಅವಳ ತಂದೆ ಗೊಂಬೆ ಕೆಲಸದವರೆಂದು ಕಡತದಲ್ಲಿ ನೋಡಿ, "ಕಂಪನಿಯ ಉಪಯೋಗಕ್ಕೆ ಒಂದಿಷ್ಟು ಬಿಲ್ಲೆ ಬೇಕು" ಎಂದಷ್ಟೇ ಹೇಳಿ ವಿಳಾಸ ಪಡೆದಿದ್ದೆ. ಆಕೆ ಸಂತೋಷದಿಂದ ಬರೆದುಕೊಟ್ಟಿದ್ದಳು. ತನ್ನ ತಂದೆ ಕಡೆದ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಎಲ್ಲರೆದುರು ಶೌಚಾಲಯಕ್ಕೆ ನಡೆಯಬೇಕೆಂದು ಆಕೆಗೆ ತಿಳಿದದ್ದು ಆಮೇಲೆ. ಆಸ್ಪತ್ರೆ ಸೇರಿದ ನಾಲ್ವರಲ್ಲಿ ಆಕೆಯೂ ಒಬ್ಬಳು.

ಹಾಳೆಯನ್ನು ವ್ಯವಸ್ಥಾಪಕರ ಮುಂದಿಟ್ಟೆ. ಅವರು ಒಳಗಿನ ನಾಲ್ಕು ಸಾಲನ್ನು ಓದಲಿಲ್ಲ. ಹಾಳೆಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ತಲೆಕೆಳಗು ಮಾಡಿದರು.

"ಏನ್ರೀ ಇದು? ಇದಕ್ಕೆ ತಲೆ ಯಾವುದು?"

"ತಲೆ ಇಲ್ಲ ಸರ್. ದುಂಡಗಿದೆ."

"ಅದು ನನಗೂ ಕಾಣುತ್ತೆ. ಮೊದಲನೇ ಸಹಿ ಯಾರದ್ದು? ಸಿಸ್ಟಮ್‌ನಲ್ಲಿ ಯಾರ ಹೆಸರು ಹಾಕ್ತೀರಿ?"

ಅವರ ಪ್ರಶ್ನೆ ನ್ಯಾಯವಾದದ್ದೇ. ಕಂಪ್ಯೂಟರಿನ ನಮೂನೆಯಲ್ಲಿ ಮೊದಲ ಖಾನೆಯೇ "ಪ್ರಥಮ ದೂರುದಾರರ ಸಿಬ್ಬಂದಿ ಸಂಖ್ಯೆ." ಅದನ್ನು ತುಂಬದೆ ಮುಂದಿನ ಖಾನೆ ತೆರೆಯದು, ಸಂಖ್ಯೆ ಹುಟ್ಟದು. ಸಂಖ್ಯೆ ಹುಟ್ಟದಿದ್ದರೆ ದೂರೇ ಬಂದಿಲ್ಲ ಎಂದು ಅರ್ಥ. ಬೆಂಗಳೂರಿನ ಮುಖ್ಯ ಕಚೇರಿಗೆ ಫೋನು ಮಾಡಲಾಗಿ, "ಗುಂಪಿನ ದೂರು ಅನ್ನೋದು ನಮ್ಮಲ್ಲಿ ಇಲ್ಲವೇ ಇಲ್ಲ. ದೂರು ಯಾವತ್ತೂ ವೈಯಕ್ತಿಕ. ಮೊದಲು ಶುರು ಮಾಡಿದವರನ್ನು ಗುರುತಿಸಿ" ಎಂಬ ಉತ್ತರ ಬಂತು. ಮೂವತ್ತಾರು ಜನರ ಒಂದೇ ನೋವನ್ನು ನೋಡಲು ನಿರಾಕರಿಸುವ ಕಣ್ಣು, ಅದನ್ನು ಮೊದಲು ಹೇಳಿದವರು ಯಾರೆಂದು ಹುಡುಕುವಾಗ ಬಹಳ ಚುರುಕಾಗಿರುತ್ತದೆ.

ಮೊದಲ ಸಹಿಗೆ ಏನಾಗುತ್ತದೆಂಬುದು ನನಗೆ ಗೊತ್ತಿತ್ತು. ಅದಕ್ಕೂ ಹಿಂದೆ ಕಂಪನಿ ಬಸ್ಸು ಊರ ಹೊರಗೇ ಇಳಿಸಿ ಹೋಗುತ್ತದೆಂದು ಒಂದು ಲೈನಿನವರೆಲ್ಲ ಸೇರಿ ಅರ್ಜಿ ಕೊಟ್ಟಿದ್ದರು. ಮೊದಲ ಸಹಿ ದೊಡ್ಡಆಲಹಳ್ಳಿಯ ಒಬ್ಬ ಕೆಲಸಗಾರನದು. ಅವನನ್ನು ಹೊರರಾಜ್ಯದ ಗೋದಾಮಿಗೆ ವರ್ಗ ಮಾಡಲಾಯಿತು. "ತಮ್ಮ ಅನುಭವವನ್ನು ವಿಸ್ತರಿಸಿಕೊಳ್ಳಲು ಇದೊಂದು ಸದವಕಾಶ" ಎಂದು ಆ ಆದೇಶದಲ್ಲಿ ಬರೆದವನು ನಾನು. ಅವನು ಹೋಗಲಾರದೆ ಕೆಲಸ ಬಿಟ್ಟ. ಬಸ್ಸು ಈಗಲೂ ಊರ ಹೊರಗೇ ಇಳಿಸುತ್ತದೆ.

ಮಂಗಳವಾರ ಭದ್ರತಾ ಅಧಿಕಾರಿ ತನಿಖೆ ಆರಂಭಿಸಿದರು. ಇಷ್ಟು ನುಣ್ಣಗಿನ ವೃತ್ತವನ್ನು ಯಾವುದೋ ತಟ್ಟೆ ಬೋರಲು ಹಾಕಿಯೇ ಎಳೆದಿರಬೇಕೆಂದು ತೀರ್ಮಾನಿಸಿ, ಕ್ಯಾಂಟೀನಿನಿಂದ ಮೂರು ಅಳತೆಯ ತಟ್ಟೆ, ಒಂದು ಸಾಂಬಾರ್ ಪಾತ್ರೆಯ ಮುಚ್ಚಳ ತರಿಸಿ, ಟೇಪು ಹಿಡಿದು ಅಳೆದರು. ಯಾವುದೂ ಹೊಂದಲಿಲ್ಲ. "ತಟ್ಟೆ ಮನೆಯಿಂದ ತಂದಿದ್ದಾರೆ" ಎಂದು ವರದಿ ಕೊಟ್ಟರು. ಇಂಜಿನಿಯರಿಂಗ್ ಓದಿದ ಇಬ್ಬರು ಪಕ್ಕದಲ್ಲಿ ನಿಂತು ತಲೆಯಾಡಿಸಿದರು.

ಬುಧವಾರ, ಗುರುವಾರ ವಿಚಾರಣೆ. ಹೆಂಗಸರ ಶೌಚಾಲಯದ ವಿಚಾರ ಆಲಿಸಲು ನೇಮಕವಾದ ಸಮಿತಿಯಲ್ಲಿ ಇದ್ದವರು ವ್ಯವಸ್ಥಾಪಕರೂ ಸೇರಿ ಮೂವರು ಗಂಡಸರು. ನಾಲ್ಕನೇ ಕುರ್ಚಿ ಮಹಿಳಾ ಸದಸ್ಯರಿಗೆಂದು ಮೀಸಲಾಗಿ ಎರಡೂ ದಿನ ಖಾಲಿ ಇತ್ತು. ಒಬ್ಬೊಬ್ಬರನ್ನೇ ಕರೆದು, ಎರಡೇ ಪ್ರಶ್ನೆ ಕೇಳಬೇಕೆಂದು ಆದೇಶ: ಇದು ನಿಮ್ಮ ಸಹಿಯೇ? ಮೊದಲು ಸಹಿ ಹಾಕಿದವರು ಯಾರು? ಬಿಲ್ಲೆಯ ಬಗ್ಗೆ ಪ್ರಶ್ನೆ ಇರಲಿಲ್ಲ. ಉತ್ತರ ಬರೆದುಕೊಳ್ಳುವ ಕೆಲಸ ನನ್ನದು.

ಮೊದಲು ಬಂದವರು ಕೂಟಗಲ್ ಕಡೆಯ ಹಿರಿಯ ಹೆಂಗಸು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಹಿ ನಂದೇ ಕಣ್ ಸಾ. ಇಲ್ಲಾಂತ ಯಾಕಂದೇನು?"

"ಮೊದಲು ಯಾರು ಹಾಕಿದ್ರಮ್ಮ?"

"ನಂಗೇನ್ ಗೊತ್ತು ಸಾ. ನಾನ್ ಆಕಿದ್ದು ಎಲ್ರಿಗಿಂತ ಕೊನೇಲಿ."

ಎರಡನೆಯವಳು ಕನಕಪುರದ ಕಡೆಯ ಹುಡುಗಿ. "ನನ್ ಕೈಗ್ ಬರೋ ಒತ್ಗೆ ಎಲ್ಲಾ ತುಂಬೋಗಿತ್ತು ಸಾ. ಒಸಿ ಜಾಗ ಉಳಿದಿತ್ತು, ಕೊನೇದಾಗಿ ನಾನೇ ಆಕ್ದೆ" ಎಂದಳು. ಮೂರನೆಯವರು ಬಂದರು, ತಾನೇ ಕೊನೆ ಎಂದರು. ನಾಲ್ಕನೆಯವರೂ ಹಾಗೆಯೇ. ಹತ್ತು ಜನ ಮುಗಿಯುವಷ್ಟರಲ್ಲಿ ವ್ಯವಸ್ಥಾಪಕರ ಕಿವಿ ಕೆಂಪಾಗಿತ್ತು.

"ಎಲ್ಲರೂ ಕೊನೆಯಲ್ಲಿ ಹಾಕೋಕೆ ಹೇಗಮ್ಮ ಆಗುತ್ತೆ?"

"ಬಿಲ್ಲೆಗ್ ಕಾದೂ ಕಾದೂ ನಮ್ಗೆಲ್ಲಾ ಕೊನೇಲ್ ಓಗೋದೇ ರೂಢಿ ಆಗೋಗೈತೆ ಸಾ" ಎಂದಳು ಅವರೆದುರು ನಿಂತಿದ್ದ ಹೆಂಗಸು. ಬಾಗಿಲ ಆಚೆ ಸರದಿಯಲ್ಲಿದ್ದವರು ನಕ್ಕದ್ದು ಒಳಗೆ ಕೇಳಿಸಿತು. "ಏಯ್, ಸುಮ್ಕಿರ್ರೇ, ಸಾಯೇಬ್ರು ಬರ್ಕತಾವ್ರೆ" ಎಂದು ಯಾರೋ ಗದರಿದರು. ನಗು ಇನ್ನೂ ಹೆಚ್ಚಾಯಿತು.

ಮೂವತ್ತಾರು ಜನರೂ ಕೊನೆಯವರು. ನಾನು ಹಾಗೆಯೇ ಬರೆದುಕೊಂಡೆ. ಚನ್ನಪಟ್ಟಣದ ಹೆಣ್ಣುಮಗಳು ಬಂದಾಗ ನನ್ನ ಕಡೆ ತಿರುಗಲಿಲ್ಲ. ಮುಖ ಇನ್ನೂ ಸೊರಗಿತ್ತು. ಆಕೆಯ ಒಂದು ವರ್ಷದ ಕರಾರು ಮುಂದಿನ ತಿಂಗಳಿಗೆ ಮುಗಿಯುವುದಿತ್ತು. ಮುಂದುವರಿಸುವವರ ಪಟ್ಟಿ ಇನ್ನೂ ಸಿದ್ಧವಾಗಿರಲಿಲ್ಲ. "ಕೊನೇಲಿ ನಾನೇ" ಎಂದಷ್ಟೇ ಹೇಳಿ ಹೋದಳು.

ಮುಂದಿನ ವಾರ ಕಂಪನಿ ತನ್ನ ಸ್ಪಂದನೆಯನ್ನು ಆರಂಭಿಸಿತು. ಮುಖ್ಯ ಕಚೇರಿಯಿಂದ ಬಂದ ಸಲಹೆಗಾರರೊಬ್ಬರು ಹನ್ನೊಂದನೇ ಲೈನಿನವರನ್ನು ಕ್ಯಾಂಟೀನಿನಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ದೇಹದ ಮೇಲೆ ಮನಸ್ಸಿನ ಹತೋಟಿ ಎಂಬ ವಿಷಯವಾಗಿ ಒಂದು ಗಂಟೆ ಮಾತನಾಡಿದರು. ತರುವಾಯ ಪ್ರತಿಯೊಬ್ಬರಿಗೂ ಒಂದೊಂದು ಸ್ಟೀಲ್ ನೀರಿನ ಬಾಟಲಿ ವಿತರಿಸಲಾಯಿತು. ಅದರ ಮೇಲೆ "ನಾವೆಲ್ಲ ಒಂದೇ ಕುಟುಂಬ" ಎಂದು ಮುದ್ರಿಸಿತ್ತು. ಶೌಚಾಲಯಕ್ಕೆ ಹೋಗಲು ಬಿಡಿ ಎಂದು ಬರೆದವರಿಗೆ ನೀರು ಕುಡಿಯಿರೆಂದು ಬಾಟಲಿ ಕೊಟ್ಟ ಬುದ್ಧಿವಂತಿಕೆಯನ್ನು ವಿವರಿಸಲು ಕಚೇರಿ ಭಾಷೆಯಲ್ಲಿ ನನಗೆ ಪದ ಸಿಗುತ್ತಿಲ್ಲ.

"ಇದ್ರಲ್ಲಿ ಕುಡ್ದಿದ್ನ ಎಲ್ ಉಯ್ಯಾದ್ ಸಾ?" ಎಂದು ಕೂಟಗಲ್ಲಿನ ಹೆಂಗಸು ಬಾಟಲಿ ಪಡೆಯುವಾಗ ನನ್ನನ್ನೇ ಕೇಳಿದರು. ನಾನು ಸಹಿ ಮಾಡಿಸಿಕೊಂಡು ಮುಂದಿನವರನ್ನು ಕರೆದೆ.

ಸಲಹೆಗಾರರ ಎರಡನೇ ಶಿಫಾರಸು ಇನ್ನೂ ಘನವಾದದ್ದು. ಕೆಂಪು ಬಣ್ಣ "ತಡೆ" ಎಂಬ ಭಾವನೆ ಹುಟ್ಟಿಸುತ್ತದೆ, ಆದ್ದರಿಂದ ಬಿಲ್ಲೆಯನ್ನು ಹಸಿರು ಮಾಡಿಸತಕ್ಕದ್ದು. ತೆಗೆಸುವುದಲ್ಲ, ಹೆಚ್ಚಿಸುವುದೂ ಅಲ್ಲ, ಹಸಿರು ಮಾಡುವುದು. ಹನ್ನೆರಡು ಲೈನಿಗೆ ಹನ್ನೆರಡು ಹಸಿರು ಬಿಲ್ಲೆ ತರಲು ನನ್ನನ್ನೇ ಚನ್ನಪಟ್ಟಣಕ್ಕೆ ಕಳುಹಿಸಲಾಯಿತು.

ಆ ಹೆಣ್ಣುಮಗಳ ತಂದೆ ಮನೆಯ ಮುಂದಿನ ಕೋಣೆಯಲ್ಲೇ ಕೆಲಸ ಮಾಡುತ್ತಿದ್ದರು. ಮೋಟಾರಿಗೆ ಸಿಕ್ಕಿಸಿ ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದಿದ್ದರು. ಬಣ್ಣ ಕರಗಿ ಮರಕ್ಕೆ ಹತ್ತುತ್ತಿತ್ತು. ನನ್ನನ್ನು ಗುರುತು ಹಿಡಿದು ಮಣೆ ಕೊಟ್ಟರು.

"ಹನ್ನೆರಡು ಬಿಲ್ಲೆ ಬೇಕಿತ್ತು. ಈ ಸಲ ಹಸಿರು" ಎಂದು ಹಳೆಯ ಬಿಲ್ಲೆಯೊಂದನ್ನು ಮಾದರಿಗೆಂದು ಮುಂದಿಟ್ಟೆ.

ಅವರು ಅದನ್ನು ತಿರುವಿ ನೋಡಿ, ಗೂಡಿನಿಂದ ಕೈವಾರ ತೆಗೆದುಕೊಂಡರು. ಕಬ್ಬಿಣದ್ದು, ಎರಡು ಮೊಳೆಯಂಥ ಕಾಲಿನದು, ಸಾಕಷ್ಟು ದೊಡ್ಡದು. ಬೇರೊಂದು ಮರದ ತುಂಡಿನ ನಡುವೆ ಒಂದು ಕಾಲು ಊರಿ ಇನ್ನೊಂದನ್ನು ಸುತ್ತಿಸಿದರು. ನಡುವೆ ಸೂಜಿಮೊನೆಯಷ್ಟು ತೂತು ಬಿತ್ತು.

"ನಿಮ್ಮ ಕೈಗೆ ಇದೂ ಬೇಕಾ?" ಎಂದೆ, ಮಾತಿಗೆ.

"ಕೈವಾರ ಇಲ್ದೆ ನಮ್ಮನೇಲಿ ರೊಟ್ಟಿನೂ ತಟ್ಟಾಕಿಲ್ಲ ಸಾ" ಎಂದು ನಕ್ಕರು. "ನನ್ ಮಗ್ಳಂತೂ ಚಿಕ್ಕೋಳಿದ್ದಾಗ್ಲಿಂದ ಇದ್ನ ಬುಟ್ಟು ಗುಂಡಗೆ ಒಂದ್ ಗೆರೆ ಎಳ್ದೋಳಲ್ಲ. ರಂಗೋಲಿಗೂ ಇದೇ. ಮೊನ್ನೆನೂ ಅದೇನೋ ಬರೀಬೇಕು ಅಂತ ಇಸ್ಕಂಡ್ಳು."

ಆ ತೂತಿನ ಮೇಲೆ ನನ್ನ ಕಣ್ಣು ಹೋಯಿತು. ದೂರಿನ ಹಾಳೆಯನ್ನು ಸ್ಕ್ಯಾನ್ ಮಾಡುವಾಗ ಬೆಳಕಿಗೆ ಹಿಡಿದಿದ್ದೆ. ಎರಡನೇ ಮತ್ತು ಮೂರನೇ ಸಾಲಿನ ನಡುವೆ, ಸರಿಯಾಗಿ ವೃತ್ತದ ಮಧ್ಯಕ್ಕೆ, ಒಂದು ಸಣ್ಣ ತೂತಿತ್ತು. ಗುಂಡುಪಿನ್ನು ಚುಚ್ಚಿರಬೇಕೆಂದು ಬಿಟ್ಟಿದ್ದೆ. ತಟ್ಟೆ ಇಟ್ಟು ಎಳೆದ ವೃತ್ತಕ್ಕೆ ನಡುವೆ ತೂತು ಬೀಳುವುದಿಲ್ಲ. ಸಹಿಗಳನ್ನು ದುಂಡಗೆ ಹಾಕಿಸಿ ತಲೆ ಮರೆಸಿದಳು, ಒಳಗಿನ ಸಾಲುಗಳನ್ನು ನಾಲ್ಕು ಕೈಯಲ್ಲಿ ಬರೆಸಿ ಅಕ್ಷರ ಮರೆಸಿದಳು. ಆದರೆ ವೃತ್ತ ಮಾತ್ರ ನೆಟ್ಟಗಿರಬೇಕೆಂಬ ಹಟ, ಗೊಂಬೆ ಕೆಲಸದವರ ಮನೆಯ ಮಗಳಿಗೆ, ಬಿಡಲಾಗಲಿಲ್ಲ. ಮೂವತ್ತಾರು ಜನರ ಕಡತದಲ್ಲಿ ತಂದೆಯ ಉದ್ಯೋಗ "ಗೊಂಬೆ ಕೆಲಸ" ಎಂದಿರುವುದು ಒಬ್ಬಳದೇ.

ಆಗ ಅವರು ಕೇಳಿದರು. "ಅಲ್ಲ ಸಾ, ಈ ಬಿಲ್ಲೆ ಏನಕ್ಕೆ? ಮಗ್ಳುನ್ ಕೇಳುದ್ರೆ ಬಾಯೇ ಬುಡಾಕಿಲ್ಲ. ಚೆನ್ನಾಗ್ ಕೆಲ್ಸ ಮಾಡ್ದೋರ್ಗೆ ಕೊಡ್ತಾರೇನೋ ಅಂದ್ಕಂಡು, ನಾನು ಎರಡೆರಡ್ ಸಲ ಅರಗು ಕೊಟ್ಟು ಹೊಳಪು ಬರ್ಸಿದ್ದೆ."

ಹೇಳದೆ ಎದ್ದು ಬರಬಹುದಿತ್ತು. ಕೊಕ್ಕೆ, ಕೊರಳು, ಕಾಯುವುದು, ಆಸ್ಪತ್ರೆ, ಎಲ್ಲವನ್ನೂ ಹೇಳಿದೆ. ಮೋಟಾರು ಆರಿಸಿ ಕೇಳಿದರು. ಮಗಳು ಆಸ್ಪತ್ರೆಗೆ ಹೋದದ್ದು ಬಿಸಿಲಿನ ಉಷ್ಣಕ್ಕೆ ಎಂದು ಅವರಿಗೆ ತಿಳಿಸಲಾಗಿತ್ತಂತೆ. ಮಾದರಿಯ ಬಿಲ್ಲೆಯನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು.

"ಆ ಲೈನಲ್ಲಿ ಎಷ್ಟ್ ಜನ ಅವ್ರೆ ಸಾ?"

"ಮೂವತ್ತಾರು."

"ಹೂಂ. ಮಾದರಿ ಇಲ್ಲೇ ಬುಟ್ಟೋಗಿ. ಒಂದ್ ವಾರ ಆಯ್ತದೆ."

ಮರುದಿನ ಬೆಳಿಗ್ಗೆ ಮುಖ್ಯ ಕಚೇರಿಯಿಂದ ಆದೇಶ ಬಂದಿತ್ತು: ದೂರಿನ ಮೂಲ ಪ್ರತಿಯನ್ನು ಖಾಸಗಿ ತನಿಖಾ ಸಂಸ್ಥೆಗೆ ಕಳುಹಿಸಬೇಕು, ಮಧ್ಯಾಹ್ನ ಅವರ ಪ್ರತಿನಿಧಿ ಬಂದು ಒಯ್ಯುತ್ತಾರೆ. ಭದ್ರತಾ ಅಧಿಕಾರಿಯ ಕಣ್ಣಿಗೆ ಬೀಳದ ತೂತು ಅವರ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ಆಮೇಲಿನದೆಲ್ಲ ನನಗೆ ಬಾಯಿಪಾಠ. ಕರಾರು ಮುಂದುವರಿಸದಿರುವ ಪತ್ರದ ಒಕ್ಕಣೆ ಕೂಡ.

ಹಾಳೆ ನನ್ನ ಮೇಜಿನ ಮೇಲಿತ್ತು. ಅದನ್ನು ಹರಿಯುವುದು ಅಪರಾಧ. ಕಳೆಯಿತೆಂದರೆ ಮೂವತ್ತಾರು ಜನರ ಅರ್ಜಿಯೇ ಇಲ್ಲವಾಗುತ್ತದೆ, ಕಂಪನಿಗೆ ಅದಕ್ಕಿಂತ ಸಂತೋಷದ ಸುದ್ದಿ ಬೇರೆ ಇರಲಾರದು. ಆದರೆ ಕಾಗದವನ್ನು ಕಡತಕ್ಕೆ ಸೇರಿಸುವುದು ನನ್ನ ಕರ್ತವ್ಯ. ಪಂಚಿಂಗ್ ಯಂತ್ರ ತೆಗೆದುಕೊಂಡೆ. ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದರೆ ವೃತ್ತದ ಮಧ್ಯ ಮಡಿಕೆಯ ಮೂಲೆಗೆ ಬರುತ್ತಿತ್ತು. ಅಲ್ಲಿಗೆ ಒತ್ತಿದೆ. ನಾಲ್ಕು ಮಡಿಕೆಯ ದಪ್ಪವಿದ್ದುದರಿಂದ ಎರಡು ಸಲ ಒತ್ತಬೇಕಾಯಿತು. ಬಿಡಿಸಿದಾಗ ಸಣ್ಣ ತೂತಿದ್ದ ಜಾಗದಲ್ಲಿ ಬೆರಳು ತೂರುವಷ್ಟು ದೊಡ್ಡ ತೂತಿತ್ತು. ಹಸಿರು ಟ್ಯಾಗು ಪೋಣಿಸಿ ಕಡತಕ್ಕೆ ಕಟ್ಟಿದೆ. ಬಿದ್ದ ಕಾಗದದ ಚೂರನ್ನು ಜೇಬಿಗೆ ಹಾಕಿಕೊಂಡೆ.

ವ್ಯವಸ್ಥಾಪಕರು ನೋಡಿ ಹೌಹಾರಿದರು. "ಇಷ್ಟು ವರ್ಷ ಸರ್ವಿಸ್ ಆಗಿದೆ, ಮಧ್ಯಕ್ಕೆ ಪಂಚ್ ಮಾಡ್ತಾರೇನ್ರೀ? ಬದಿಗೆ ಮಾಡೋದು ಗೊತ್ತಿಲ್ವಾ?"

"ಬದಿ ಯಾವುದೆಂದು ತಿಳಿಯಲಿಲ್ಲ ಸರ್. ಇದಕ್ಕೆ ತಲೆಯೇ ಇಲ್ಲವೆಂದು ತಾವೇ ಅಂದಿರಿ."

ನನ್ನನ್ನು ದಡ್ಡನೆಂದು ಅವರು ಮೊದಲಿನಿಂದಲೂ ಭಾವಿಸಿದ್ದರು. ಅಂದು ಆ ಅಭಿಪ್ರಾಯ ನನ್ನನ್ನು ಕಾಪಾಡಿತು. ಒಂದು ಎಚ್ಚರಿಕೆ ಪತ್ರ ಕೊಟ್ಟರು. ಅದನ್ನು ನಾನೇ ಟೈಪು ಮಾಡಿ ನಾನೇ ಸ್ವೀಕರಿಸಿದೆ.

ತನಿಖಾ ಸಂಸ್ಥೆಯ ವರದಿ ದಪ್ಪ ರಟ್ಟಿನ ಹೊದಿಕೆಯೊಂದಿಗೆ ಬಂತು. ಪ್ರಥಮ ಸಹಿ ಗುರುತಿಸಲು ಸಾಧ್ಯವಿಲ್ಲ, ಮಧ್ಯದ ರಂಧ್ರ ಕಡತ ಜೋಡಣೆಯಿಂದ ಉಂಟಾದದ್ದು, ವೃತ್ತವನ್ನು ಪ್ರಾಯಶಃ ತಟ್ಟೆಯಿಂದ ಎಳೆಯಲಾಗಿದೆ. ಹೆಸರಿಲ್ಲದೆ ದೂರು ದಾಖಲಾಗದು, ಹದಿನೈದು ದಿನ ಮುಗಿಯುತ್ತ ಬಂದಿತ್ತು. ಮುಖ್ಯ ಕಚೇರಿ ಯೋಚಿಸಿ ಒಂದು ಉಪಾಯ ಕಂಡುಕೊಂಡಿತು. ಕಂಪ್ಯೂಟರಿನಲ್ಲಿ "ಸಲಹೆ" ಎಂಬ ಇನ್ನೊಂದು ನಮೂನೆಯಿತ್ತು, ಅದಕ್ಕೆ ಹೆಸರು ಬೇಡ. ನಾಲ್ಕು ಜನ ಆಸ್ಪತ್ರೆ ಸೇರಿದ ದೂರು, ಹೀಗೆ, ಬಿಲ್ಲೆಯ ಬಣ್ಣ ಬದಲಿಸುವ ಕುರಿತು ಉದ್ಯೋಗಿಗಳು ನೀಡಿದ ಅಮೂಲ್ಯ ಸಲಹೆಯಾಗಿ ದಾಖಲಾಯಿತು. "ತಮ್ಮ ಸಲಹೆಯನ್ನು ಜಾರಿಗೊಳಿಸಲಾಗಿದೆ" ಎಂಬ ಉತ್ತರವನ್ನು ನಾನೇ ಬರೆದೆ. ಪಟ್ಟಿ ಬಂದಾಗ ಚನ್ನಪಟ್ಟಣದ ಹೆಣ್ಣುಮಗಳ ಕರಾರು ಉಳಿದವರೊಂದಿಗೆ ಮುಂದುವರಿದಿತ್ತು.

ಹನ್ನೆರಡು ಹಸಿರು ಬಿಲ್ಲೆ ಬಂದವು, ಹನ್ನೆರಡು ಕೊಕ್ಕೆಗೆ ಏರಿದವು. ಒಂದು ತಿಂಗಳ ನಂತರ ವಸ್ತುಗಳ ತಪಾಸಣೆಗೆಂದು ಲೈನಿನ ಮೇಲೆ ಹೋದೆ. ಹನ್ನೊಂದನೇ ಲೈನಿನ ಬಿಲ್ಲೆ ಕೊಕ್ಕೆಯಲ್ಲಿ ಅಲುಗಾಡದೆ ತೂಗುತ್ತಿತ್ತು. ಮೇಲೆ ತೆಳ್ಳಗೆ ಧೂಳೂ ಕೂತಿತ್ತು. ಅದೇ ಹೊತ್ತಿಗೆ ಎದುರಿನಿಂದ ಶೌಚಾಲಯದ ಕಡೆಯಿಂದ ಮೂವರು ಬಂದರು. ಮೂವರ ಕೊರಳಲ್ಲೂ ಹಸಿರು ಬಿಲ್ಲೆ. ಅದೇ ಅಗಲ, ಅದೇ ಹೊಳಪು. ಬಾಗಿಲಲ್ಲಿದ್ದ ಕಾವಲುಗಾರ ಒಬ್ಬೊಬ್ಬರ ಬಿಲ್ಲೆಯನ್ನೂ ನೋಡಿ ಒಳಗೆ ಬಿಟ್ಟ. ಯಾವ ಬಿಲ್ಲೆ ಯಾವ ಲೈನಿನದೆಂದು ಅದರ ಮೇಲೆ ಬರೆದಿರಲಿಲ್ಲ. ನನ್ನನ್ನು ದಾಟುವಷ್ಟರಲ್ಲಿ ಮೂರೂ ಏಪ್ರನ್ನಿನ ಒಳಗೆ ಸೇರಿದವು.

ಚನ್ನಪಟ್ಟಣದ ಹೆಣ್ಣುಮಗಳು ಕೈಯ ವೈರು ಬಿಡದೆ ಮೆಲ್ಲಗೆ ಅಂದಳು. "ಊಟದ್ ಬ್ಯಾಗಲ್ಲಿ ತಂದ್ಬುಟ್ಟೆ ಸಾ. ಅಪ್ಪ ಎಲ್ರಿಗೂ ಒಂದೊಂದ್ ಕೊಟ್ಟೈತೆ. ನೀವೇನೂ ಎಣ್ಸಾಕೋಗ್ಬೇಡಿ."

ತಪಾಸಣಾ ಪುಸ್ತಕದಲ್ಲಿ ನಮೂದಿಸಿದೆ: ಹನ್ನೊಂದನೇ ಲೈನ್, ಬಿಲ್ಲೆ ಒಂದು, ಸ್ಥಿತಿ ಉತ್ತಮ, ಬಳಕೆ ಅತ್ಯಲ್ಪ.

"ಬಳಕೆ ಅತ್ಯಲ್ಪ" ಎಂಬ ಎರಡು ಪದ ಮುಖ್ಯ ಕಚೇರಿಯವರೆಗೆ ಹೋದವು. ಹಸಿರು ಬಣ್ಣದ ಪರಿಣಾಮ, ಸಲಹೆಗಾರರ ಉಪನ್ಯಾಸದ ಪರಿಣಾಮ ಎಂದು ಅವರು ಹಿಗ್ಗಿದರು. ಹನ್ನೊಂದನೇ ಲೈನಿಗೆ ಪ್ರಶಂಸಾ ಪತ್ರ ಮಂಜೂರಾಯಿತು. ಕ್ಯಾಂಟೀನಿನಲ್ಲಿ ಸಮಾರಂಭ, ವೇದಿಕೆ, ಹಾರ.

"ಲೈನಿನ ಪರವಾಗಿ ಯಾರಾದರೂ ಒಬ್ಬರು ಬಂದು ಸ್ವೀಕರಿಸಿ" ಎಂದು ವ್ಯವಸ್ಥಾಪಕರು ಮೈಕಿನಲ್ಲಿ ಕರೆದರು. ಯಾರೂ ಏಳಲಿಲ್ಲ. "ಬನ್ನಿ, ಸಂಕೋಚ ಬೇಡ. ಮೊದಲು ಯಾರು ಬರ್ತೀರಿ?"

"ನಾವೆಲ್ಲಾ ಕೊನೆಯೋರು ಕಣ್ ಸಾ" ಎಂದರು ಕೂಟಗಲ್ಲಿನ ಹೆಂಗಸು, ಕೂತಲ್ಲಿಂದಲೇ.

ಪ್ರಶಂಸಾ ಪತ್ರವನ್ನು ಕಡೆಗೆ ವ್ಯವಸ್ಥಾಪಕರೇ ತಮ್ಮ ಕೈಯಿಂದ ತಾವೇ ಸ್ವೀಕರಿಸಿ ಫೋಟೋ ತೆಗೆಸಿಕೊಂಡರು. ಆಮೇಲೆ ಶಿಸ್ತಿನ ಬಗ್ಗೆ ಭಾಷಣ ಆರಂಭಿಸಿದರು. ಭಾಷಣ ಉದ್ದವಿತ್ತು. ಅದು ನಡೆಯುತ್ತಿರುವಾಗಲೇ ಹಿಂದಿನ ಸಾಲಿನಿಂದ ನಾಲ್ಕು ಜನ ಒಟ್ಟಿಗೆ ಎದ್ದು, ಏಪ್ರನ್ನಿನಿಂದ ಬಿಲ್ಲೆ ಹೊರಗೆ ತೆಗೆದು ಕೊರಳಿಗೆ ಹಾಕಿಕೊಂಡು, ಆತುರವಿಲ್ಲದೆ ಹೊರಗೆ ನಡೆದರು. ಅವರು ಬಂದು ಕೂತ ಮೇಲೆ ಇನ್ನೈದು ಜನ ಎದ್ದರು. ವೇದಿಕೆಯ ಮೇಲಿದ್ದವರು ಯಾರೂ ಎಣಿಸಲಿಲ್ಲ.